ಶಾಲು ಕೊಟ್ಟರು, ಕೋಣೆ ಕೊಡಲಿಲ್ಲ

ನನಗೆ ಇದುವರೆಗೆ ಮೂರು ಶಾಲು ಹೊದಿಸಿದ್ದಾರೆ. ಒಂದನ್ನು ಸೊಸೆ ಗ್ರೈಂಡರಿಗೆ ಧೂಳು ಕೂರದಂತೆ ಮುಚ್ಚಿದ್ದಾಳೆ. ಇನ್ನೊಂದರ ಮೇಲೆ ನಮ್ಮ ಬೆಕ್ಕು ಮರಿ ಹಾಕಿತು. ಸೂಲಗಿತ್ತಿಗೆ ಕೊಟ್ಟ ಶಾಲನ್ನು ಹೆರಿಗೆಗೆ ಬಳಸಬೇಕು ಅನ್ನುವ ಬುದ್ಧಿ ಊರಿನಲ್ಲಿ ಆ ಬೆಕ್ಕಿಗೆ ಮಾತ್ರ ಹೊಳೆಯಿತು. ಮೂರನೆಯದರ ಕಥೆ ಇದು.

ನಾನು ಓದಿದವಳಲ್ಲ. ಐವತ್ತು ದಾಟಿದ ಮೇಲೆ ವಯಸ್ಕರ ಶಾಲೆಯಲ್ಲಿ ಕೂತು ಅಕ್ಷರ ಕೂಡಿಸಿಕೊಂಡೆ. ಒತ್ತಕ್ಷರ ಬಂದರೆ ಈಗಲೂ ಪೆನ್ನು ಎತ್ತಿ ಉಸಿರು ಬಿಡುತ್ತೇನೆ. ನಮ್ಮದು ಚನ್ನಪಟ್ಟಣ ತಾಲ್ಲೂಕು, ಹೊಂಗನೂರು ಕಡೆಯ ಒಂದು ಹಳ್ಳಿ. ಮನೆಮನೆಯಲ್ಲೂ ರೇಷ್ಮೆ ಹುಳ. ಮದುವೆಯಾಗಿ ಬಂದ ಎರಡನೇ ವರ್ಷದಿಂದ ಮೊಣಕಾಲು ಹಿಡಿದುಕೊಳ್ಳುವ ತನಕ ಈ ಊರಿನ ಹೆರಿಗೆ ಮಾಡಿಸಿದವಳು ನಾನು. ಒಂದು ಮೊರ ಅಕ್ಕಿ, ಎಲೆ ಅಡಿಕೆ, ಒಂದು ತೆಂಗಿನಕಾಯಿ ಕೊಡುತ್ತಿದ್ದರು. ಹೆಣ್ಣು ಹುಟ್ಟಿದರೆ ತೆಂಗಿನಕಾಯಿ ಮರೆತುಹೋಗುತ್ತಿತ್ತು.

ಈಗ ಯಾರೂ ನನ್ನನ್ನು ಕರೆಯುವುದಿಲ್ಲ, ಕರೆಯಲೂಬಾರದು. ಹೆರಿಗೆಯೆಲ್ಲ ಆಸ್ಪತ್ರೆಯಲ್ಲಿ. ಊರಿನ ಉಪಕೇಂದ್ರಕ್ಕೆ ಒಬ್ಬಳು ನರ್ಸು ಬಂದಿದ್ದಾಳೆ. ಮಾಗಡಿ ತಾಲ್ಲೂಕಿನ ಕುದೂರು ಕಡೆಯವಳು, ಗಂಡನಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಎದುರಿಗೆ ಎಲ್ಲರೂ ಆಕೆಯನ್ನು ಸಿಸ್ಟರಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಸೂಜಿ ಚುಚ್ಚೋಳು. ಬೆಳಿಗ್ಗೆ ಚನ್ನಪಟ್ಟಣದಿಂದ ಬಸ್ಸಿಳಿದರೆ ಹೆಗಲಿಗೆ ಬಿ.ಪಿ. ನೋಡುವ ಯಂತ್ರದ ಚೀಲ, ಕೈಯಲ್ಲಿ ಲಸಿಕೆಯ ಐಸ್ ಡಬ್ಬ, ಕಂಕುಳಲ್ಲಿ ರಿಜಿಸ್ಟರು. ಬಸುರಿಯರ ಮನೆ, ಬಾಣಂತಿಯರ ಮನೆ, ಸಕ್ಕರೆ ಕಾಯಿಲೆಯವರ ಮನೆ ಸುತ್ತಿ, ಸಂಜೆ ಕೊನೇ ಬಸ್ಸಿಗೆ ಓಡುವಳು. ಬಸ್ಸು ತಪ್ಪಿದ ದಿನ ಹೆದ್ದಾರಿಯವರೆಗೆ ನಡೆಯುವಳು. ಉಪಕೇಂದ್ರದ ಹಿಂದೆ ನರ್ಸಿಗೆಂದು ಕಟ್ಟಿದ ಮನೆಯೊಂದಿದೆ. ಅದರ ಸೂರು ಕುಸಿದು ಹಲವು ವರ್ಷವಾಯಿತು. ಈಗ ಅದರಲ್ಲಿ ವಾಸವಿರುವುದು ಹೊಂಗೆ ಗಿಡ.

ಒಂದು ದಿನ ಆಕೆ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುತ್ತ ಹೇಳಿದಳು: "ಅಜ್ಜಿ, ಮೇಲಿಂದ ಆರ್ಡರ್ ಬಂದೈತೆ. ನರ್ಸು ಕೆಲಸ ಮಾಡೋ ಊರಲ್ಲೇ ಮನೆ ಮಾಡ್ಬೇಕಂತೆ. ಈ ತಿಂಗಳೊಳಗೆ ವಾಸದ ಪತ್ರ ಕೊಡದಿದ್ರೆ ನನ್ನ ಬೇರೆ ಕಡೆಗೆ ಹಾಕ್ತಾರೆ."

"ಇಲ್ಲಿಗೆ?"

"ಪಕ್ಕದ ಕೇಂದ್ರದೋರು ವಾರಕ್ಕೊಂದ್ಸಲ ಬಂದು ಹೋಗ್ತಾರೆ."

ವಾರಕ್ಕೊಂದು ಸಲ! ಬಿ.ಪಿ. ಏರುವುದು ವಾರ ನೋಡಿಕೊಂಡು ಏರುತ್ತದೆಯೇ? ಏಳು ಬಾ, ನಾನೇ ಮನೆ ಕೊಡಿಸುತ್ತೇನೆ ಎಂದು ಕೋಲು ತೆಗೆದುಕೊಂಡು ಹೊರಟೆ. ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ಮನೆಯಲ್ಲೇ ಬೀದಿ ಕಡೆಗೆ ಒಂದು ಕೋಣೆ ಇತ್ತು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅದರಲ್ಲಿ ಒಟ್ಟಿದ್ದೆವು. ಅದರ ಹಿಂಗೋಡೆಯ ಆಚೆಗೆ ಮಗನ ಹುಳುಮನೆ. ಊರವರ ಮನೆ ಕೇಳಲು ಹೊರಟ ನಾನು ನನ್ನ ಮನೆಯ ಕೋಣೆಯ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ.

ಮೊದಲು ಹೋದದ್ದು ಡೇರಿ ಅಧ್ಯಕ್ಷನ ಮನೆಗೆ. ಅವನ ಮಾಳಿಗೆ ಮನೆ ಖಾಲಿ ಇತ್ತು. ಅವನು ಸಿಸ್ಟರಮ್ಮನಿಗೆ ಋಣಿಯೂ ಆಗಿದ್ದ, ಅವನಿಗೆ ನೆನಪಿದ್ದರೆ.

ಆ ಋಣ ಯಾವುದೆಂದರೆ, ಕೆಲವು ತಿಂಗಳ ಹಿಂದೆ ಅವನ ಸೊಸೆ ಎಂಟು ತಿಂಗಳ ಬಸುರಿ. ಕಾಲು ಬಾತು ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ನಾನು ನೋಡಿ, "ಚೊಚ್ಚಲು ಕಣವ್ವ, ಬಾವು ಬತ್ತದೆ, ಬಾರ್ಲಿ ನೀರು ಕುಡಿ" ಎಂದು ದೊಡ್ಡ ಪಂಡಿತಳ ಹಾಗೆ ಹೇಳಿ ಬಂದಿದ್ದೆ. ಮಧ್ಯಾಹ್ನ ಸಿಸ್ಟರಮ್ಮ ಹೋಗಿ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ಬಿಚ್ಚಿ ಮತ್ತೆ ಕಟ್ಟಿ ನೋಡಿದಳು. ಆಮೇಲೆ ಅಧ್ಯಕ್ಷನ ಕಡೆ ತಿರುಗಿ ಕಾರು ತೆಗೆಯಿರಿ ಎಂದಳು.

ಅಧ್ಯಕ್ಷ, "ಇವತ್ತು ಅಮಾಸೆ ಕಣಮ್ಮ. ನಾಳೆ ಬೆಳಿಗ್ಗೆ ಹೋದ್ರಾಯ್ತು" ಅಂದ.

"ನಾಳೆ ಹೋದ್ರೆ ಹೋಗುವಾಗ ಇಬ್ಬರು ಇರ್ತಾರೆ, ಬರುವಾಗ ನೀವೊಬ್ಬರೇ. ಯೋಚನೆ ಮಾಡಿ" ಅಂದಳು ಆಕೆ.

ರಾಮನಗರದ ದೊಡ್ಡಾಸ್ಪತ್ರೆಗೆ ಹೋದರು. ತಾಯಿ ಉಳಿದಳು, ಮಗು ಉಳಿಯಿತು. ನನ್ನ ಬಾರ್ಲಿ ನೀರು ನಂಬಿಕೊಂಡಿದ್ದರೆ ಇಬ್ಬರನ್ನೂ ಮಣ್ಣು ಮಾಡುತ್ತಿದ್ದರು. ಆ ದಿನ ನನ್ನ ಸೂಲಗಿತ್ತಿತನದ ಜಂಬ ಇಳಿಯಿತು. ಅಧ್ಯಕ್ಷ ಡಾಕ್ಟರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟ. ಮನೆದೇವರಿಗೆ ಬೆಳ್ಳಿ ಕಣ್ಣು ಇಟ್ಟ. ಒಳ್ಳೆ ನಕ್ಷತ್ರ ನೋಡಿ ಹೇಳಿದ ಜೋಯಿಸರಿಗೆ ಪಂಚೆ ಕೊಟ್ಟ. ಸಿಸ್ಟರಮ್ಮನಿಗೆ ನಾಮಕರಣದ ಲಾಡು ಎರಡನ್ನು ಪೇಪರಿನಲ್ಲಿ ಸುತ್ತಿ ಗೇಟಿನ ಹೊರಗೇ ಕೊಟ್ಟು ಕಳಿಸಿದ. ಒಳಗೆ ಹುಳ ಇದ್ದವಂತೆ.

ಅಂಥವನ ಮನೆಗೆ ಹೋದೆವು. ಅವನು ಅಂಗಳದಲ್ಲಿ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದ. ಹೊಗೆಸೊಪ್ಪು ತಿಕ್ಕಿದ ಅವನ ಹೆಬ್ಬೆರಳನ್ನು ಮಗು ಚೀಪುತ್ತಿತ್ತು. ನಮ್ಮನ್ನು ನೋಡಿದವನೇ, "ಅಲ್ಲೇ ನಿಂತ್ಕಳಿ, ಸುಣ್ಣ ತುಳ್ಕಂಡ್ ಬನ್ನಿ" ಎಂದು ಕೂಗಿದ.

ಹುಳುಮನೆಯ ಬಾಗಿಲಲ್ಲಿ ಸುಣ್ಣ ಚೆಲ್ಲಿತ್ತು, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟು ಇತ್ತು. ಕೈ ಅದ್ದದೆ, ಕಾಲು ಮೆಟ್ಟದೆ ಒಳಗೆ ನೊಣವನ್ನೂ ಬಿಡುವವನಲ್ಲ. ಹುಳಕ್ಕೆ ಅಷ್ಟು ಮರ್ಯಾದೆ. ಮಗುವಿಗೆ ಹೊಗೆಸೊಪ್ಪಿನ ಬೆರಳು. ಎತ್ತಿಕೊಳ್ಳುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ ಎಂದು ಸಿಸ್ಟರಮ್ಮ ಹೇಳಿದ್ದಕ್ಕೆ ಇದೇ ಮನೆಯವರು, ಸರ್ಕಾರಿ ಸಂಬಳದ ಕೊಬ್ಬು ಎಂದು ಆಡಿಕೊಂಡಿದ್ದರು.

ನಾನು ಬಂದ ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಮನೆ ಖಾಲಿ ಐತೆ ಕಣ್ ದೊಡ್ಡವ್ವ, ಇಲ್ಲ ಅನ್ನಕಿಲ್ಲ. ಆದ್ರೆ ಕೆಳಗೆ ಹುಳ ಮೇಯ್ತಾವಲ್ಲ."

"ಹುಳ ಕೆಳಗೆ, ಇವಳು ಮ್ಯಾಲೆ. ನಿನ್ ಹುಳ ಏನ್ಲಾ, ಮೆಟ್ಲು ಹತ್ತವಾ?"

"ತಮಾಸೆ ಬ್ಯಾಡಿ. ಸಿಸ್ಟರಮ್ಮೋರು ದಿನಾ ಯಾವ್ಯಾವ ಬಾಣಂತಿ ಮನೆ ಹೊಕ್ಕು ಬತ್ತಾರೋ ಏನೋ. ಸೂತಕ ಹುಳಕ್ಕೆ ಆಗಕಿಲ್ಲ. ಇದ ನಾನು ನಿಮಗೆ ಹೇಳ್ಕೊಡ್ಬೇಕಾ? ನಮ್ಮವ್ವಂಗೆ ಹೇಳ್ಕೊಟ್ಟೋರೇ ನೀವು!"

ಸಿಸ್ಟರಮ್ಮ ನನ್ನ ಮುಖ ನೋಡಿದಳು. ನಾನು ಅವನ ಬಕೆಟ್ಟು ನೋಡಿದೆ.

ಅವನು ಹೇಳಿದ್ದು ನಿಜ. ಮುಟ್ಟಾದ ಹೆಂಗಸರು ಹುಳುಮನೆಗೆ ಹೋಗಬಾರದು ಅನ್ನುವ ಕಟ್ಟಳೆ ನಾನು ಹುಟ್ಟುವ ಮುಂಚೆಯೂ ಇತ್ತು. ಹೆರಿಗೆ ಮುಟ್ಟಿದವಳೂ ಮೂರು ದಿನ ಹೋಗಬಾರದು ಅನ್ನುವುದನ್ನು ಈ ಊರಿಗೆ ಅಂಟಿಸಿದವಳು ನಾನೇ.

ಆಗ ನನಗೆ ಹರೆಯ. ನನ್ನ ಅತ್ತೆ ಎಂದರೆ ಎರಡು ಕಾಲಿನ ಗಾಣ. ಒಂದು ದಿನ ಕೆಳಗಿನ ಬೀದಿಯಲ್ಲಿ ಹೆರಿಗೆ ಮಾಡಿಸಿ ಬಂದೆ. ಮಗು ಅಡ್ಡ ತಿರುಗಿತ್ತು, ನನ್ನ ಸೊಂಟ ಮುರಿದಿತ್ತು. ಹೊಸ್ತಿಲು ದಾಟುವ ಮುಂಚೆಯೇ ಅತ್ತೆ, "ಬಂದ್ಯಾ? ಹುಳಕ್ಕೆ ಸೊಪ್ಪು ಹಾಕು ಹೋಗು" ಅಂದಳು. ಆಗದು ಅಂದರೆ ಬಾಯಿಗೆ ಬಂದದ್ದು ಅನ್ನುವಳು. ನಾನು ಥಟ್ಟನೆ, "ಸೂತಕದ ಕೈ ಕಣತ್ತೆ, ಹುಳ ಸತ್ರೆ ನನ್ ಕೇಳ್ಬ್ಯಾಡಿ" ಅಂದೆ. ಅವಳು ನಂಬಲಿಲ್ಲ, ಅಟ್ಟಿದಳು. ಅವತ್ತು ತುಂತುರು ಬಿದ್ದು ಸೊಪ್ಪೆಲ್ಲ ತೊಯ್ದಿತ್ತು. ಒದ್ದೆ ಸೊಪ್ಪನ್ನು ಆರಿಸಿ ಹಾಕಬೇಕು ಎಂದು ನನಗೆ ಗೊತ್ತು. ಸಿಟ್ಟಿಗೆ ಹಾಗೇ ತಂದು ಸುರಿದೆ. ಅದೊಂದು ದಿನವಲ್ಲ, ಆ ಮೋಡದ ವಾರವೆಲ್ಲ ಹಾಗೇ ಮಾಡಿದೆ. ಸಪ್ಪೆ ರೋಗ ಬಂದು ಹುಳವೆಲ್ಲ ಕಪ್ಪಗೆ ಕೊಳೆತು ನಾತ ಹೊಡೆಯಿತು. ಅತ್ತೆ ಎದೆ ಬಡಿದುಕೊಳ್ಳುವಾಗ ಪಕ್ಕದಲ್ಲಿ ನಿಂತು, "ನಾನು ಮೊದ್ಲೇ ಹೇಳಿರ್ನಿಲ್ವಾ?" ಅಂದೆ.

ಅಲ್ಲಿಂದ ಮುಂದೆ ಒಂದೊಂದು ಹೆರಿಗೆಗೂ ನನಗೆ ಮೂರು ದಿನ ಬಿಡುವು. ಸೊಪ್ಪು ಕೊಯ್ಯುವ ಹಾಗಿಲ್ಲ, ಹುಳದ ಕಸ ತೆಗೆಯುವ ಹಾಗಿಲ್ಲ, ಜಗಲಿಯ ಮೇಲೆ ಕಾಲು ಚಾಚಿ ಕೂರುವುದೇ. ನನ್ನ ಕೆಲಸಕ್ಕೆ ಊರು ಕೊಡದ ಕೂಲಿಯನ್ನು ನಾನೇ ಸುಳ್ಳು ಹೇಳಿ ತೆಗೆದುಕೊಂಡೆ. ಅಕ್ಕಪಕ್ಕದ ಮುದುಕಿಯರು ಕೇಳಿದಾಗ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳಿದೆ. ಸತ್ಯವಾಗಿದ್ದರೆ ಅರ್ಧ ಊರು ಮರೆಯುತ್ತಿತ್ತು. ಸುಳ್ಳಾದ್ದರಿಂದ ಒಂದಕ್ಷರ ತಪ್ಪದೆ ಕಾಪಾಡಿಕೊಂಡು ಬಂದಿದ್ದಾರೆ.

ಆ ಸಂಜೆಯೊಳಗೆ ಇನ್ನೂ ಐದಾರು ಮನೆ ಕೇಳಿದೆವು. ಎಲ್ಲ ಕಡೆಯೂ ನನ್ನ ಸುಳ್ಳೇ ನನಗಿಂತ ಮುಂಚೆ ಹೋಗಿ ಹೊಸ್ತಿಲಲ್ಲಿ ಕೂತಿತ್ತು. ಬಸ್ಸಿಗೆ ಹೋಗುತ್ತ ಸಿಸ್ಟರಮ್ಮ, "ಬಿಡಿ ಅಜ್ಜಿ, ನಿಮ್ ಕಾಲು ಬೇರೆ ನೋಯ್ತಾವೆ" ಅಂದಳು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಅದಾದ ಒಂದು ವಾರಕ್ಕೆ ದಾದಿಯರ ದಿನ ಬಂತು. ಊರ ಸಮುದಾಯ ಭವನದಲ್ಲಿ ಕಾರ್ಯಕ್ರಮ. ದೊಡ್ಡ ಫ್ಲೆಕ್ಸು ಕಟ್ಟಿದ್ದರು. ಅದರಲ್ಲಿ ಕೈ ಮುಗಿದ ಗಂಡಸರ ಮುಖಗಳು ಅಂಗಡಿಯಲ್ಲಿ ಜೋಡಿಸಿದ ಬನ್ನಿನ ಹಾಗೆ ಸಾಲುಸಾಲಾಗಿದ್ದವು. ಕೆಳಗೆ ಮೂಲೆಯಲ್ಲಿ ಬಿಳೀ ಟೋಪಿ ಹಾಕಿದ, ಬೆಕ್ಕಿನ ಕಣ್ಣಿನ ಒಬ್ಬ ನರ್ಸು. ಯಾವ ದೇಶದವಳೋ, ನಮ್ಮೂರ ಬಸ್ಸು ಹತ್ತಿದವಳಂತೂ ಅಲ್ಲ. ನಮ್ಮ ಸಿಸ್ಟರಮ್ಮನ ಚಿತ್ರ ಹಾಕಲು ಜಾಗ ಸಾಲಲಿಲ್ಲವಂತೆ.

ಸಿಸ್ಟರಮ್ಮ ಎಲ್ಲಿದ್ದಳು ಅಂದರೆ, ವೇದಿಕೆಯ ಪಕ್ಕದಲ್ಲಿ ಅತಿಥಿಗಳಿಗೆ ಕಾಫಿ ಲೋಟ ಜೋಡಿಸುತ್ತಿದ್ದಳು. ಆಮೇಲೆ ಹಾರದ ತಟ್ಟೆ ಹಿಡಿದು ನಿಂತಳು. ಬಂದವರು ಬಂದವರಿಗೇ ಹಾರ ಹಾಕಿಕೊಂಡರು, ಪೇಟ ಇಟ್ಟುಕೊಂಡರು, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಒಬ್ಬರು ಭಾಷಣದಲ್ಲಿ ನರ್ಸ್ ಎಂದರೆ ನಡೆದಾಡುವ ದೇವರು ಎಂದರು. ಅದಕ್ಕೇ ಇರಬೇಕು, ಯಾರೂ ಮನೆ ಕೊಡದೆ ನಡೆದಾಡುತ್ತಲೇ ಇರಲಿ ಎಂದು ಬಿಟ್ಟಿರುವುದು. ದೇವರಾದರೆ ಬಸ್ಸು ತಪ್ಪಿದರೂ ಪರವಾಗಿಲ್ಲ.

ಕೊನೆಗೆ ನನ್ನನ್ನೂ ಆಕೆಯನ್ನೂ ಕರೆದು ಶಾಲು ಹೊದಿಸಿದರು. ಹಿರಿಯ ಸೂಲಗಿತ್ತಿ ಎರಡು ಮಾತಾಡಲಿ ಎಂದು ಮೈಕು ಕೊಟ್ಟರು. ಮೈಕು ಕೊಟ್ಟದ್ದು ಅವರ ತಪ್ಪು.

"ಹೆರಿಗೆ ಮುಟ್ಟಿದೋರು ಹುಳುಮನೆಗೆ ಹೋದ್ರೆ ಹುಳ ಸಾಯ್ತವೆ ಅಂತ ನಿಮಗೆಲ್ಲ ಹೇಳಿದ್ದು ನಾನು. ಅದು ಸುಳ್ಳು" ಅಂದೆ. "ಅತ್ತೆ ಕಾಟ ತಪ್ಪಿಸ್ಕಳಕ್ಕೆ ಹೇಳ್ದೆ. ಹುಳ ಸತ್ತಿದ್ದು ಒದ್ದೆ ಸೊಪ್ಪಿಗೆ, ಹಾಕಿದೋಳು ನಾನೇ. ಈಗ ಆ ಸುಳ್ಳು ಇಟ್ಕಂಡು ಈ ಹೆಣ್ಮಗಳಿಗೆ ಒಂದು ಕೋಣೆ ಕೊಡ್ತಾ ಇಲ್ಲ. ಶಾಲು ಹೊದ್ಕಂಡು ಬಸ್ ಸ್ಟ್ಯಾಂಡಲ್ಲಿ ಮಲಗ್ಬೇಕಾ ಅವಳು? ಶಾಲು ತಗಂಡು ಕೋಣೆ ಕೊಡ್ರಪ್ಪ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಡೇರಿ ಅಧ್ಯಕ್ಷ ನನ್ನ ಕೈಯಿಂದ ಮೈಕು ತೆಗೆದುಕೊಂಡು, "ನಮ್ಮ ದೊಡ್ಡವ್ವ ಮೊದಲಿಂದಾನೂ ಹಿಂಗೇ, ಬಲೇ ತಮಾಸೆ" ಎಂದ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಈಯಮ್ಮ ಹೇಳಿದ್ದು ಸುಳ್ಳೇ ಇರ್ಲಿ, ಹುಳ ಸತ್ತಿದ್ದು ದಿಟ ತಾನೆ?" ಎಂದಳು. ಹೌದು ಹೌದು ಎಂದು ನಾಲ್ಕು ತಲೆ ಆಡಿದವು. ಇನ್ನೊಬ್ಬಳು, "ವಯಸ್ಸಾಯ್ತಲ್ಲ, ಅರುಳು ಮರುಳು" ಎಂದು ಪಕ್ಕದವಳಿಗೆ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ನಾನು ಸುಳ್ಳು ಹೇಳಿದಾಗ ನಂಬಿದ ಜನ, ನಿಜ ಹೇಳಿದಾಗ ನನ್ನ ಆರೋಗ್ಯ ವಿಚಾರಿಸಿದರು.

ಮನೆಗೆ ಬರುತ್ತ ದಾರಿಯಲ್ಲಿ ಯೋಚಿಸಿದೆ. ನಾನು ಮಾಡಿದ್ದಾದರೂ ಏನು? ಮೈಕು ಹಿಡಿದು ಮಾತಾಡಿದೆ. ಫ್ಲೆಕ್ಸಿನವರೂ ಅದನ್ನೇ ಮಾಡಿದ್ದು. ಚಂದ್ರಿಕೆ ತುಂಬಿದ ಕೋಣೆ ಇನ್ನೂ ಹಾಗೇ ಇತ್ತು. ಶಾಲನ್ನು ಸೊಂಟಕ್ಕೆ ಬಿಗಿದು ಒಂದೊಂದೇ ಚಂದ್ರಿಕೆಯನ್ನು ಅಂಗಳಕ್ಕೆ ಎಳೆದೆ. ಸೊಸೆ ಓಡಿ ಬಂದಳು, ಹಿಂದೆಯೇ ಮಗ.

"ಅವ್ವ, ಏನ್ ಮಾಡ್ತಿದ್ದೀಯೆ?"

"ಕೋಣೆ ಕಾಲಿ ಮಾಡ್ತಿದ್ದೀನಿ. ನಾಳೆ ಸಿಸ್ಟರಮ್ಮ ಬತ್ತಾಳೆ."

"ಹುಳ ನಾಕನೇ ಜ್ವರಕ್ಕೆ ಕೂತವೆ ಕಣವ್ವ! ಗೂಡಾಗೋಗಂಟ ತಡಿ."

ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಸಲ ಹಾಗೆ ಕೂತು ಏಳಬೇಕು. ನಾಲ್ಕನೆಯದು ಎದ್ದರೆ ವಾರವಿಡೀ ಸೊಪ್ಪು ತಿಂದು ಗೂಡಿಗೆ ಏರುತ್ತವೆ. ಬೆಳೆ ಕೈಗೆ ಬರುವ ಹೊತ್ತು ಅದು, ಬೆಳೆ ಕೈ ಬಿಡುವ ಹೊತ್ತೂ ಅದೇ.

"ಗೂಡಾಗೋ ಹೊತ್ತಿಗೆ ತಿಂಗಳು ಮುಗೀತದೆ, ಅವಳ ಎತ್ತಾಕ್ತಾರೆ. ಮನೆ ನನ್ನ ಹೆಸರಲ್ಲೈತೆ, ಸುಮ್ಕಿರು" ಅಂದೆ.

"ಬೆಳೆ ಹೋದ್ರೆ?"

"ಹೋದ್ರೆ ನಾನು ಮೈಕಲ್ಲಿ ಸುಳ್ಳೇಳ್ದೆ ಅಂತ ಊರೆಲ್ಲ ಅಂದ್ಕಂಡೈತಲ್ಲ, ಅದು ದಿಟ ಆಯ್ತದೆ."

ಮಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆದರೆ ನನಗೆ ಹೆಚ್ಚು ನಾಟಿದ್ದು ಸೊಸೆ ಅಂದದ್ದು. ಅವಳು ಚಂದ್ರಿಕೆಯ ಇನ್ನೊಂದು ತುದಿ ಹಿಡಿದು ಹೊರಗೆ ಸಾಗಿಸುತ್ತ ತಣ್ಣಗೆ, "ಅತ್ತೆ, ನೀವು ನಿಮ್ ಕಾಲದಲ್ಲಿ ಮೂರು ಮೂರು ದಿನ ಕಾಲು ಚಾಚ್ಕಂಡು ಕೂತ್ರಿ. ಈಗ ಮೈಕಲ್ಲಿ ಸುಳ್ಳು ಅಂದ್ಬುಟ್ರಿ. ನಾಳೆ ನಮ್ ಮುಟ್ಟಿನ ಮೂರು ದಿನಾನೂ ಸುಳ್ಳು ಅಂದ್ರೆ ಸೊಪ್ಪು ಹೊರೋರು ನಾವೇ ತಾನೆ?" ಅಂದಳು. ಹೆಂಗಸರಿಗೆ ಬಿಡುವು ಬೇಕಾದರೆ ಮೈಲಿಗೆಯಾಗಬೇಕು, ಇಲ್ಲ ಕಾಯಿಲೆಯಾಗಬೇಕು. ಸುಮ್ಮನೆ ಸುಸ್ತಾಯಿತು ಅಂದರೆ ಯಾರು ಬಿಡುತ್ತಾರೆ?

ಸಿಸ್ಟರಮ್ಮ ಬಂದಳು. ಒಂದು ಟ್ರಂಕು, ಗ್ಯಾಸ್ ಒಲೆ, ಚಾಪೆ, ಒಂದು ತುಳಸಿ ಕುಂಡ. ಮೊದಲ ದಿನವೇ ಮಗನನ್ನು ಕರೆದು, "ಅಣ್ಣ, ನಾನು ನಿಮ್ಮ ಹುಳುಮನೆ ಕಡೆ ಬರೋದಿಲ್ಲ. ಹೊರಗಿಂದ ಬಂದ್ರೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದೇ ಕೋಣೆಗೆ ಹೋಗ್ತೀನಿ" ಎಂದಳು. ಮಗ ತಲೆಯಾಡಿಸಿದ, ನಂಬಲಿಲ್ಲ.

ನಾನು ನಂಬಿದ್ದೆನೇ? ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಬೆಳಗಾದರೆ ಹಲ್ಲುಜ್ಜುವ ಮುಂಚೆ ಹುಳ ನೋಡಲು ಹೋಗುತ್ತಿದ್ದೆ. ನಾನೇ ಕಟ್ಟಿದ ಸುಳ್ಳು, ಆದರೂ ಬಗ್ಗಿ ಬಗ್ಗಿ ಹುಳದ ಮೈಬಣ್ಣ ನೋಡುತ್ತಿದ್ದೆ. ಸುಳ್ಳನ್ನು ನಾಲ್ಕು ಜನ ನಲವತ್ತು ವರ್ಷ ನಂಬಿದರೆ ಹೇಳಿದವಳಿಗೂ ಗುಮಾನಿ ಬರುತ್ತದೆ. ಬೆಳೆ ಹೋದರೆ ನನ್ನ ಮಗನಿಗೆ ಮಾತ್ರ ನಷ್ಟವಲ್ಲ. ಸಿಸ್ಟರಮ್ಮ ಅದೇ ದಿನ ಟ್ರಂಕು ಎತ್ತಬೇಕು, ಆಮೇಲೆ ಯಾವ ನರ್ಸಿಗೂ ಈ ಊರಿನಲ್ಲಿ ಒಂದು ಮೊಳ ಜಾಗ ಸಿಗುವುದಿಲ್ಲ.

ಜ್ವರ ಎದ್ದ ಮೂರನೇ ದಿನ ಮಗ ಹುಳುಮನೆಯಿಂದ ಮುಖ ಬಿಳುಚಿಕೊಂಡು ಬಂದ. ಹುಳದ ಅಟ್ಟಣಿಗೆಯ ಒಂದು ಅಂಕಣದಲ್ಲಿ ಕೆಲವು ಹುಳ ಊದಿಕೊಂಡು ಮೈಯಿಂದ ಹಾಲಿನಂಥ ರಸ ಬರುತ್ತಿತ್ತು. ಹಾಲುತೊಂಡೆ ರೋಗ.

"ನೋಡ್ದಾ ಅವ್ವ? ನೋಡ್ದಾ?" ಎಂದ ನನಗೆ. ಕಣ್ಣು ಮಾತ್ರ ಸಿಸ್ಟರಮ್ಮನ ಬಾಗಿಲ ಮೇಲಿತ್ತು.

ಆಕೆ ಆಗ ತಾನೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದವಳು ನಿಂತಳು. "ಅಣ್ಣ, ನನಗೆ ಹುಳದ ವಿಷಯ ಗೊತ್ತಿಲ್ಲ, ಅಂಟುರೋಗ ಗೊತ್ತು. ನೀವು ನಿನ್ನೆ ಮೊನ್ನೆ ಬೇರೆ ಯಾರ ಹುಳುಮನೆಗಾದ್ರೂ ಹೋಗಿದ್ರಾ?"

ಬಾಯಿ ಬಿಟ್ಟವಳು ಸೊಸೆ. "ಅಧ್ಯಕ್ಷರ ಹುಳಕ್ಕೆ ಏನೋ ಆಗೈತೆ ಅಂತ ನೋಡಕ್ಕೆ ಹೋಗಿದ್ರಲ್ಲ, ಮೊನ್ನೆ. ಬಂದೋರು ಅಂಗೇ ಒಳಿಕ್ಕೆ ಹೋಗಿ ಸೊಪ್ಪು ಹಾಕುದ್ರಿ. ಕೈ ತೊಳೀರಿ ಅಂದ್ರೆ, ನಾನೇನು ಹೊರಗ್ನೋನಾ ಅಂದ್ರಿ."

ಬಕೆಟ್ಟು ಇಟ್ಟಿರುವುದು ಬೇರೆಯವರಿಗೆ! ಮನೆಯ ಯಜಮಾನನ ಕೈ ಎಂದರೆ ಗಂಗಾಜಲ. ನಾನು ನಗಬಾರದಿತ್ತು, ನಕ್ಕೆ.

ಸಿಸ್ಟರಮ್ಮ ನಗಲಿಲ್ಲ. ಆಸ್ಪತ್ರೆಯಲ್ಲಿ ಅಂಟುರೋಗ ಬಂದರೆ ಏನು ಮಾಡುತ್ತಾರೆ ಎಂದು ಹೊಸ್ತಿಲ ಹೊರಗೇ ನಿಂತು ಹೇಳಿದಳು: ರೋಗದ್ದನ್ನು ಬೇರೆ ಮಾಡಿ, ಮುಟ್ಟಿದ ಕೈ ತೊಳೆಯಿರಿ, ಒಳಗೆ ಹೋಗುವವರು ಒಬ್ಬರೇ ಇರಲಿ, ಆ ಒಬ್ಬರೂ ಪ್ರತಿ ಸಲ ಕೈ ತೊಳೆಯಲಿ. ರೇಷ್ಮೆ ಇಲಾಖೆಯವರು ಇದನ್ನೇ ಅದೆಷ್ಟು ಸಲ ಹೇಳಿ ಹೋಗಿದ್ದರೋ. ನನ್ನ ಮಗ ಅವರ ಮುಂದೆ ತಲೆಯಾಡಿಸಿ, ಅವರ ಜೀಪು ತಿರುಗುವ ಮುಂಚೆ ಮರೆತಿದ್ದ. ಈಗ ಕಾಲಿಗೆ ಬೆಂಕಿ ಬಿದ್ದಿತ್ತಲ್ಲ, ಮಾಡಿದ. ರೋಗದ ಹುಳ ಆರಿಸಿ ಸುಣ್ಣದಲ್ಲಿ ಹೂತ. ಹುಳ ಮೇಯುವ ಸೊಪ್ಪಿನ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿದ. ದಿನಕ್ಕೆ ಎಷ್ಟು ಸಲ ಕೈ ಅದ್ದಿದನೋ, ಬೆರಳ ಚರ್ಮ ಸುಲಿಯಿತು.

ರೋಗ ಆ ಅಂಕಣ ದಾಟಲಿಲ್ಲ. ಹುಳ ಹಣ್ಣಾದವು, ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ಮಗ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ. ಬೆಳೆ ಏನು ಹೆಚ್ಚುಗಾರಿಕೆಯದಲ್ಲ, ಎಂದಿನಂತೆ ಬಂತು. ಆದರೆ ಅಧ್ಯಕ್ಷನ ಹುಳವೆಲ್ಲ ತಿಪ್ಪೆ ಸೇರಿತ್ತು. ಅವನ ಎದುರು ಮನೆಯವರದೂ ಹೋಗಿತ್ತು. ಆ ಎರಡು ಹುಳುಮನೆಗೂ ಸಿಸ್ಟರಮ್ಮ ಕಾಲಿಟ್ಟಿರಲಿಲ್ಲ, ಇಡಲು ಅವರು ಬಿಟ್ಟಿರಲಿಲ್ಲ.

ಇನ್ನಾದರೂ ಜನರಿಗೆ ಬುದ್ಧಿ ಬಂತು ಎಂದು ನೀವು ಅಂದುಕೊಳ್ಳಬೇಡಿ. ಬಂದದ್ದು ಹೊಸ ನಂಬಿಕೆ. ನಲ್ಲಿ ಹತ್ತಿರ ಹೆಂಗಸರು, "ಸಿಸ್ಟರಮ್ಮ ಇರೋ ಮನೆಗೆ ಹುಳದ ರೋಗ ತಗಲಕಿಲ್ವಂತೆ, ಅವಮ್ಮನ ಕಾಲ್ಗುಣ" ಎಂದು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಬಸುರಿಯರ ಪ್ರಾಣ ಉಳಿಸಿದಾಗ ಕಾಣದ ಕಾಲ್ಗುಣ, ಹುಳ ಉಳಿದಾಗ ಕಂಡಿತು!

ವಾಸದ ಪತ್ರ ಕೊಡಲು ಇನ್ನು ಎರಡು ದಿನ ಇತ್ತು. ಸಿಸ್ಟರಮ್ಮ ಅರ್ಜಿ ತಂದು ನನ್ನ ಮುಂದಿಟ್ಟಳು. ಮನೆಯ ಮಾಲೀಕರು ಎಂದಿದ್ದ ಕಡೆ ನಾನು ಉಸಿರು ಬಿಗಿಹಿಡಿದು ಹೆಸರು ಬರೆಯುತ್ತಿದ್ದೆ. ಒತ್ತಕ್ಷರದ ಹತ್ತಿರ ಬಂದಿದ್ದೆ, ಅಧ್ಯಕ್ಷ ಬಂದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಮೇಲೊಂದು ಶಾಲು.

"ಸಿಸ್ಟರಮ್ಮೋರೆ, ನಾಡಿದ್ದು ನಮ್ಮನೆಗೆ ಹೊಸ ಹುಳ ಬತ್ತಾವೆ. ನೀವು ಮೊದ್ಲು ಬಲಗಾಲಿಟ್ಟು ಹುಳುಮನೆ ಒಳಗೆ ಬಂದು ಹೋಗ್ಬೇಕು. ಮಾಳಿಗೆ ಮನೆ ಖಾಲಿನೇ ಐತೆ, ಬಂದ್ಬುಡಿ, ಬಾಡಿಗೆ ಬ್ಯಾಡ."

ನನ್ನ ಮಗ, ಎರಡು ವಾರದ ಹಿಂದೆ ಆಕೆಯ ಬಾಗಿಲನ್ನು ಕೆಂಗಣ್ಣಿನಿಂದ ನೋಡಿದ್ದ ಮಹಾನುಭಾವ, ಜಗಲಿಯಿಂದ ಎದ್ದು ನಿಂತ. "ಅದೆಂಗ್ಲಾ ಆಯ್ತದೆ? ನಮ್ಮನೇಲಿರೋರ ನೀನೆಂಗ್ ಕರ್ಕೊಂಡ್ ಹೋಯ್ತೀಯೆ?"

ಇಬ್ಬರೂ ಆಕೆಯನ್ನು ಸೀಮೆಹಸುವಿನ ಹಾಗೆ ಎಳೆದಾಡುವುದನ್ನು ನೋಡುತ್ತ ನಾನು ಒತ್ತಕ್ಷರ ಮುಗಿಸಿದೆ. ಸಿಸ್ಟರಮ್ಮ ರಿಜಿಸ್ಟರು ತೆಗೆದು ಹಾಳೆ ತಿರುವಿದಳು.

"ನಿಮ್ಮ ಮೊಮ್ಮಗನಿಗೆ ಮೂರೂವರೆ ತಿಂಗಳ ಸೂಜಿ ಹಾಕಿಸಿಲ್ಲ. ಎರಡು ಸಲ ಹೇಳಿ ಕಳಿಸಿದೆ. ಮೊದಲು ಅದು."

"ಆಯ್ತು ಬುಡಿ, ಹಾಕ್ಸನ."

"ಎರಡನೇದು. ಹುಳುಮನೆ ಬಾಗಿಲಲ್ಲಿ ಬಕೆಟ್ಟು ಇಟ್ಟಿದೀರಲ್ಲ, ಮಗು ಮಲಗೋ ಕೋಣೆ ಬಾಗಿಲಲ್ಲೂ ಒಂದು ಬಕೆಟ್ ನೀರು, ಒಂದು ಸೋಪು ಇಡಿ. ಕೈ ತೊಳೆಯದೆ ಯಾರೂ ಎತ್ಕೋಬಾರದು. ನೀವೂನೂ."

"ನಾನೂ?" ಅಂದ ಅವನು. ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ.

"ನೀವೇ ಮೊದಲು. ಅದೆರಡೂ ಮಾಡಿ, ಬಲಗಾಲೋ ಎಡಗಾಲೋ ನೀವು ಹೇಳಿದ್ದು ಇಡ್ತೀನಿ."

ಕಾಲ್ಗುಣ ಅನ್ನುವುದು ಸುಳ್ಳು ಎಂದು ಆಕೆಯೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಾಯಿ ತೆರೆಯಲು ಹೋದೆ, ನನ್ನ ಕಡೆ ಒಂದು ನೋಟ ಬಿಟ್ಟಳು, ಮುಚ್ಚಿಕೊಂಡೆ. ನಾನು ಸುಳ್ಳು ಹೇಳಿ ಮೂರು ದಿನದ ಬಿಡುವು ಗಿಟ್ಟಿಸಿದವಳು. ಇವಳು ಊರವರ ಸುಳ್ಳಿನಲ್ಲೇ ಊರವರ ಕೈ ತೊಳೆಸಲು ಹೊರಟಿದ್ದಳು. ನನಗಿಂತ ಜಾಣೆ.

ಪತ್ರ ಕೊಟ್ಟಾಯಿತು. ಸಿಸ್ಟರಮ್ಮ ನಮ್ಮ ಕೋಣೆಯಲ್ಲೇ ಇದ್ದಾಳೆ. ನನ್ನ ಮೂರನೇ ಶಾಲು ಅವಳ ಕಿಟಕಿಗೆ ಪರದೆ. ಭಾನುವಾರ ಗಂಡ ಹಾರೋಹಳ್ಳಿಯಿಂದ ಬಂದು ಹೋಗುತ್ತಾನೆ. ಮಿಕ್ಕ ದಿನ ಬಸ್ಸಿನ ಹಿಂದೆ ಓಡುವುದಿಲ್ಲ. ಸರ್ಕಾರದವರು ಹಿಂದಿನ ಮನೆಗೆ ಸೂರು ಹಾಕಿದ್ದರೆ ಇಷ್ಟೆಲ್ಲ ರಾಮಾಯಣ ಬೇಕಿರಲಿಲ್ಲ. ಆದರೆ ಸೂರಿಗೆ ಫ್ಲೆಕ್ಸು ಕಟ್ಟಿದರೆ ಬೀದಿಗೆ ಕಾಣುವುದಿಲ್ಲವಲ್ಲ.

ಮೊನ್ನೆ ಅಧ್ಯಕ್ಷನ ಮನೆಯ ಮುಂದೆ ಹಾಯ್ದೆ. ಮಗುವಿನ ಕೋಣೆಯ ಬಾಗಿಲಲ್ಲಿ ಬಕೆಟ್ಟು ಇತ್ತು, ತೆಂಗಿನ ಚಿಪ್ಪಿನಲ್ಲಿ ಸೋಪೂ ಇತ್ತು. ಹತ್ತಿರ ಹೋಗಿ ನೋಡಿದೆ. ಬಂದವರು ಹೊತ್ತುಕೊಂಡು ಹೋಗದಂತೆ ಸೋಪಿಗೆ ತೂತು ಮಾಡಿ, ದಾರ ಪೋಣಿಸಿ, ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ್ದ. ಸೋಪು ಮಾತ್ರ ಸವೆದು ಒದ್ದೆಯಾಗಿತ್ತು.